ದೆವ್ವದ ಕೋಣೆಯಲ್ಲಿ ದೆವ್ವದ ಸಿನಿಮಾ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ದೊಡ್ಡ ಕೋಣೆ ಇದ್ದದ್ದು ದೆವ್ವಕ್ಕೆ. ಹೀಗಂದರೆ ನನ್ನ ಮಗಳು ನಗುತ್ತಾಳೆ. ನಗಲಿ, ಅವಳಿಗೆ ಹುಟ್ಟಿದಾಗಿನಿಂದ ಸ್ವಂತ ಕೋಣೆಯಿದೆ, ಅದಕ್ಕೆ ಒಳಗಿನಿಂದ ಚಿಲಕವೂ ಇದೆ. ಶಹಾಪುರದ ಗುಡ್ಡದ ಬದಿಯ ಆ ಮನೆಯಲ್ಲಿ ಜೀವಂತ ಇದ್ದ ನಾವೆಲ್ಲ ಒಂದು ಪಡಸಾಲೆ, ಒಂದು ಅಡುಗೆಮನೆ, ಎಮ್ಮೆ ಕಟ್ಟುವ ಒಂದು ಕೊಟ್ಟಿಗೆ, ಇಷ್ಟರಲ್ಲೇ ಉಂಡು, ಮಲಗಿ, ಜಗಳಾಡಿ, ಮತ್ತೆ ಉಂಡು ಬದುಕಿದೆವು. ಪಡಸಾಲೆಯ ಬಲಕ್ಕೆ ಗಟ್ಟಿ ತೇಗದ ಬಾಗಿಲು. ಅದರ ಹಿಂದೆ ಉದ್ದಕ್ಕೂ ನುಣ್ಣನೆಯ ಫರಸಿ ಕಲ್ಲು ಹಾಸಿದ, ಬೇಸಿಗೆಯಲ್ಲೂ ತಣ್ಣಗಿರುವ ಕೋಣೆ. ಕಿಟಕಿ ಇಲ್ಲ. ಮಾಳಿಗೆಯಲ್ಲಿದ್ದ ಬೆಳಕಿಂಡಿಯ ಮೇಲೂ ಯಾವ ಕಾಲದಲ್ಲೋ ಚಪ್ಪಡಿ ಎಳೆದು ಮುಚ್ಚಿದ್ದರು. ಅದಕ್ಕೆ ಹಿರ್ಯಾಕಿ ಕೋಣಿ ಅಂತ ಹೆಸರು. ಹಿರ್ಯಾಕಿ ಅಂದರೆ ನಮ್ಮ ಮುತ್ಯಾನ, ಅಪ್ಪನ ಅಪ್ಪನ, ಮೊದಲ ಹೆಂಡತಿ, ಹೆರಿಗೆಯಲ್ಲಿ ಅದೇ ಕೋಣೆಯಲ್ಲಿ ತೀರಿಕೊಂಡವಳು. ಅವಳ ಹೆಸರು ಏನಿತ್ತೋ ನಮಗೆ ಯಾರೂ ಹೇಳಲಿಲ್ಲ. ಹೆಸರು ಹಿಡಿದರೆ ಎದ್ದು ಬರುತ್ತಾಳೆ ಅನ್ನುವ ಹೆದರಿಕೆ.

ಅವಳು ಸತ್ತು ವರ್ಷ ತುಂಬುವುದರೊಳಗೆ ಗುರುಮಠಕಲ್ ಕಡೆಯಿಂದ ಇನ್ನೊಂದು ಹುಡುಗಿಯನ್ನು ತಂದು ಮುತ್ಯಾನಿಗೆ ಕಟ್ಟಿದರು. ಅವಳೇ ನಮ್ಮ ಆಯಿ, ಅಪ್ಪನ ತಾಯಿ. ಸಿಟ್ಟು ಬಂದರೆ ಆಯಿಯ ಬಾಯಲ್ಲಿ ತೆಲುಗು ಬರುತ್ತಿತ್ತು, ಆದ್ದರಿಂದ ಅವಳ ಬೈಗುಳ ನಮಗೆ ಅರ್ಧ ಮಾತ್ರ ತಗಲುತ್ತಿದ್ದವು. ಎರಡನೆಯ ಸಂಬಂಧವಾಗಿ ಬಂದವಳ ಕೊರಳಿಗೆ ತಾಳಿಯ ಜೊತೆಗೆ ಸತ್ತ ಸವತಿಯ ಮುಖ ಕೊರೆದ ಬೆಳ್ಳಿ ಬಿಲ್ಲೆಯೊಂದನ್ನು ಕಟ್ಟುವ ಪದ್ಧತಿ ಆಗ ನಮ್ಮ ಕಡೆ ಇತ್ತು. ಸತ್ತವಳು ಮುನಿಸಿಕೊಳ್ಳಬಾರದು, ಸಂಸಾರಕ್ಕೆ ಅಡ್ಡ ಬರಬಾರದು ಅಂತ. ಆಯಿಯ ಬಿಲ್ಲೆಯಲ್ಲಿದ್ದ ಮುಖ ಸವೆದು ಎರಡು ಕಣ್ಣಿನ ಗುಳಿ ಮಾತ್ರ ಉಳಿದಿದ್ದವು. ಕೊರೆದ ಪತ್ತಾರನೂ ಹಿರ್ಯಾಕಿಯನ್ನು ನೋಡಿದವನಲ್ಲ, ಕಟ್ಟಿಸಿಕೊಂಡ ಆಯಿಯೂ ನೋಡಿದವಳಲ್ಲ. ಮುತ್ಯಾ ಸತ್ತ ದಿನ ಆಯಿಯ ತಾಳಿ ತೆಗೆದರು, ಬಿಲ್ಲೆ ತೆಗೆಯಲಿಲ್ಲ. ಗಂಡ ಬಿಟ್ಟು ಹೋದ, ಸವತಿ ಕೊರಳಲ್ಲೇ ಉಳಿದಳು.

ಹಬ್ಬಕ್ಕೆ ಹೋಳಿಗೆ ಮಾಡಿದರೆ ಮೊದಲನೆಯದು ಆ ಕೋಣೆಗೆ ಹೋಗುತ್ತಿತ್ತು. ನಾವು ಬಾಯಲ್ಲಿ ನೀರು ಬಿಟ್ಟುಕೊಂಡು ಬಾಗಿಲ ಹೊರಗೆ ಕುಳಿತಿರುತ್ತಿದ್ದೆವು. ಆಯಿಗೆ ಅಪ್ಪ ಹೊಸ ಸೀರೆ ತಂದರೆ ಅದು ಒಂದು ರಾತ್ರಿ ಆ ಕೋಣೆಯ ಗೂಡಿನಲ್ಲಿ, ಹಿರ್ಯಾಕಿಯ ತಾಮ್ರದ ಕೊಡದ ಮುಂದೆ ಇರಬೇಕು. ಮರುದಿನ ಆಯಿ ಅದನ್ನು ಎತ್ತಿಕೊಂಡು, ಅಕ್ಕಾ ನೀ ಉಟ್ಟು ಬಿಟ್ಟದ್ದು ನಾ ಉಡ್ತೀನಿ, ಅಂತ ಹೇಳಿ ಉಡುತ್ತಿದ್ದಳು. ಅಂದರೆ ನಮ್ಮ ಆಯಿ ಮದುವೆಯಾದ ಮೇಲೆ ಹೊಸ ಸೀರೆ ಅಂತ ಒಂದನ್ನೂ ಉಟ್ಟವಳಲ್ಲ, ಎಲ್ಲವೂ ಸತ್ತವಳು ಉಟ್ಟು ಬಿಟ್ಟವೇ. ಎಮ್ಮೆ ಒದ್ದರೆ ಹಿರ್ಯಾಕಿ, ಕಾಕಾ ಮ್ಯಾಟ್ರಿಕ್ಕಿನಲ್ಲಿ ಫೇಲಾದರೆ ಹಿರ್ಯಾಕಿ, ಒಲೆ ಹೊಗೆಯಾಡಿದರೂ ಹಿರ್ಯಾಕಿ. ಆ ಹೆಂಗಸಿಗೆ ಇದ್ದಷ್ಟು ಕೆಲಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಕೆಲಸ ಅಂದರೆ ನಮ್ಮ ಅವ್ವನದು. ಅವ್ವ ಸುರಪುರದ ಹೆಣ್ಣು, ಕೌದಿ ಹೊಲಿಯುವುದನ್ನು ತವರಿನಿಂದ ಕೈಯಲ್ಲಿ ಹಿಡಿದುಕೊಂಡೇ ಬಂದವಳು. ಹಳೆಯ ಸೀರೆ, ಧೋತರ, ಲಂಗದ ತುಂಡು ಏನೇ ಕೊಡಿ, ಪದರದ ಮೇಲೆ ಪದರ ಹಾಸಿ, ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ಹಾಗೆ ಹೊಲಿಗೆ ಹಾಕುತ್ತಿದ್ದಳು. ಸಾಲು ಅಂದರೆ ಸಾಲು, ಅಂಗೈ ಆಡಿಸಿದರೆ ಎಲ್ಲಿಯೂ ಎಡವುತ್ತಿರಲಿಲ್ಲ. ಹಳ್ಳಿಗಳಿಂದ ಹೆಂಗಸರು ಗಂಟು ಕಟ್ಟಿಕೊಂಡು ಬಂದು ಅವಳ ಮುಂದೆ ಇಡುತ್ತಿದ್ದರು. ಕೌದಿಯ ಸಮಸ್ಯೆ ಏನೆಂದರೆ, ಅದನ್ನು ಒಮ್ಮೆ ನೆಲಕ್ಕೆ ಹಾಸಿ ನಾಲ್ಕೂ ಮೂಲೆಗೆ ಕಲ್ಲಿಟ್ಟ ಮೇಲೆ ಮುಗಿಯುವವರೆಗೆ ಎತ್ತಬಾರದು. ಎತ್ತಿ ಸುತ್ತಿದರೆ ಒಳಗಿನ ಪದರಗಳು ಜಾರುತ್ತವೆ, ಮತ್ತೆ ಹಾಸಿದಾಗ ಸುಕ್ಕು ಬೀಳುತ್ತವೆ, ಹೊಲಿದದ್ದನ್ನು ಬಿಚ್ಚಬೇಕಾಗುತ್ತದೆ. ಅವ್ವನಿಗೆ ಇದ್ದದ್ದು ಪಡಸಾಲೆ ಒಂದೇ. ಅಪ್ಪ ಹತ್ತಿಯ ದಲಾಲಿ ಅಂಗಡಿಯಲ್ಲಿ ಇದ್ದವನು. ಹೊತ್ತಿಲ್ಲ ಗೊತ್ತಿಲ್ಲ, ಹಳ್ಳಿಯ ಗಂಡಸರು ಅವನನ್ನು ಕೇಳಿಕೊಂಡು ಮನೆಗೆ ಬರುತ್ತಿದ್ದರು. ಹೊರಗೆ ಕೆಮ್ಮಿನ ಸದ್ದು ಕೇಳಿದರೆ ಸಾಕು, ಅವ್ವ ಸೂಜಿ ಚುಚ್ಚಿಟ್ಟು, ಕಲ್ಲು ಸರಿಸಿ, ಕೌದಿ ಸುತ್ತಿ ಅಡುಗೆಮನೆಗೆ ಓಡಬೇಕು. ಅವರು ಚಹಾ ಕುಡಿದು ಹೋದ ಮೇಲೆ ಮತ್ತೆ ಹಾಸಬೇಕು, ಸುಕ್ಕು ನೋಡಬೇಕು, ಬಿಚ್ಚಬೇಕು. ಅವಳು ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು.

ಆ ವರ್ಷ ದೋರನಹಳ್ಳಿಯ ಗಂಗಮ್ಮ ಎಂಬಾಕೆ ಮಗಳನ್ನು ಗಂಡನ ಮನೆಗೆ ಕಳಿಸುವವಳಿದ್ದಳು, ಅದಕ್ಕೊಂದು ದೊಡ್ಡ ಕೌದಿ ಬೇಕು ಅಂತ ಗಂಟು ತಂದಿಟ್ಟಿದ್ದಳು. ಅಷ್ಟು ದೊಡ್ಡದನ್ನು ಅವ್ವ ಅಲ್ಲಿಯವರೆಗೆ ಹೊಲಿದಿರಲಿಲ್ಲ. ಪಡಸಾಲೆಯಲ್ಲಿ ಅದನ್ನು ಎಷ್ಟೋ ಸಲ ಹಾಸಿದಳು, ಎಷ್ಟೋ ಸಲ ಸುತ್ತಿದಳು, ಒಂದು ಅಂಚೂ ನೆಟ್ಟಗೆ ಬರಲಿಲ್ಲ. ಕೊನೆಗೆ ಒಂದು ದಿನ ಆಯಿಯ ಮುಂದೆ ಹೋಗಿ ಹಿರ್ಯಾಕಿ ಕೋಣೆ ಕೊಡಿರಿ ಅಂತ ಕೇಳಿಯೇಬಿಟ್ಟಳು. ಆಯಿ ಬಿಲ್ಲೆ ಹಿಡಿದುಕೊಂಡು ಆಗುವುದಿಲ್ಲ ಅಂದಳು. ನನ್ನ ಗ್ರಹಚಾರ, ಅದೇ ರಾತ್ರಿ ನನಗೆ ಜ್ವರ ಬಂತು. ನೋಡಿದೆಯಾ, ಕೇಳಿದ್ದಕ್ಕೇ ಹೀಗೆ, ಇನ್ನು ತಗೊಂಡರೆ ಹೇಗೆ, ಅಂತ ಆಯಿ ನನ್ನ ಹಣೆಗೆ ಬೂದಿ ಹಚ್ಚಿದಳು. ನಾನು ಹಿಂದಿನ ದಿನ ಹಸಿ ಶೇಂಗಾ ತಿಂದು ಬಾವಿ ನೀರು ಕುಡಿದದ್ದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಜ್ವರ ಬಿಟ್ಟ ಮೇಲೆ ಅವ್ವ, ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ಬಡಿಯುತ್ತ, ತಲೆ ಎತ್ತದೆ ಅಂದಳು:

"ಸತ್ತಾಕಿಗಿ ಅಷ್ಟು ದೊಡ್ಡ ಕೋಣಿ. ಇದ್ದಾಕಿಗಿ ಒಂದು ಕೌದಿ ಹಾಸ್ಲಾಕ ಜಾಗ ಇಲ್ಲ. ಇದೆಂಥಾ ಮನಿ ಅತ್ತಿ?"

ಆಯಿಯ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

"ಆಕಿ ಜಾಗ ಕೇಳಬ್ಯಾಡ. ನಂದು ಬೇಕಾದ್ರ ತಗೋ, ನಾ ಕೊಟಗ್ಯಾಗ ಮಲಗ್ತೀನಿ."

ಅತ್ತೆಯನ್ನು ಕೊಟ್ಟಿಗೆಗೆ ಕಳಿಸಿ ಕೌದಿ ಹೊಲಿಯುವ ಸೊಸೆ ಎಲ್ಲಿದ್ದಾಳೆ? ಆ ದಿನ ಆಯಿ ಉಣ್ಣಲಿಲ್ಲ, ಅವ್ವನೂ ಉಣ್ಣಲಿಲ್ಲ. ಪುಂಡಿಪಲ್ಯ ಹಾಗೇ ಆರಿಹೋಯಿತು. ಮರುದಿನ ಅವ್ವ ದೋರನಹಳ್ಳಿಗೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಿದಳು, ಸೋಮವಾರ ಬಂದು ನಿಮ್ಮ ಗಂಟು ತಗೊಂಡು ಹೋಗಿರಿ, ನನ್ನಿಂದ ಆಗುವುದಿಲ್ಲ ಅಂತ. ಉಳಿದವರ ಗಂಟುಗಳನ್ನೂ ಒಂದೊಂದಾಗಿ ವಾಪಸು ಕೊಟ್ಟಳು. ಸೂಜಿಗಳನ್ನು ಒಂದು ಚಿಂದಿಗೆ ಚುಚ್ಚಿ ಅಟ್ಟದ ಮೇಲೆ ಎಸೆದಳು. ಇನ್ನು ಸೂಜಿ ಮುಟ್ಟುವುದಿಲ್ಲ ಅಂದಳು. ಅವ್ವ ಒಮ್ಮೆ ಅಂದರೆ ಅಂದದ್ದೇ. ನನಗೆ ಆಗ ಒಂಬತ್ತೋ ಹತ್ತೋ. ಅವ್ವನ ಕೈ ಖಾಲಿಯಾಗಿ ಮಡಿಲಲ್ಲಿ ಬಿದ್ದಿದ್ದನ್ನು ನೋಡಿದರೆ ನಾನು ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದೆ. ಅವಳು ಮಾತಾಡುತ್ತಿದ್ದಳು, ಅಡುಗೆ ಮಾಡುತ್ತಿದ್ದಳು, ಆದರೆ ಮನೆಯಲ್ಲಿ ಇದ್ದಹಾಗೆ ಇರಲಿಲ್ಲ.

ಸೋಮವಾರಕ್ಕೆ ಮುಂಚಿನ ಭಾನುವಾರ ಕಾಕಾ ಬಂದ. ಅಪ್ಪನ ತಮ್ಮ, ಆಯಿಯ ಮುದ್ದಿನ ಮಗ. ಯಾದಗಿರಿಯಲ್ಲಿ ಸ್ಟೇಷನ್ ರಸ್ತೆಯ ಒಂದು ವಿಡಿಯೊ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬಾಡಿಗೆಗೆ ಕೊಡುವ ವಿಸಿಆರ್ ಒಂದನ್ನು ಧಣಿಯ ಕೈಕಾಲು ಹಿಡಿದು ಒಂದು ದಿನದ ಮಟ್ಟಿಗೆ ತಂದಿದ್ದ, ಬಸ್ಸಿನಲ್ಲಿ ಉದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು, ಕೂಸನ್ನು ತಂದ ಹಾಗೆ. ಸಂಜೆಯ ಬಸ್ಸಿಗೆ ಅದು ವಾಪಸು ಹೋಗಬೇಕು. ಜೊತೆಗೆ ತಂದ ಕ್ಯಾಸೆಟ್ಟು ಅಂಗಡಿಯಲ್ಲಿ ಯಾರೂ ಕೇಳದೆ ಧೂಳು ಹಿಡಿದು ಬಿದ್ದಿದ್ದ ಒಂದು ಇಂಗ್ಲಿಷ್ ದೆವ್ವದ ಸಿನಿಮಾ, ನಮ್ಮ ಅಪ್ಪ ಹುಟ್ಟುವ ಕಾಲದ್ದು. ಕಾಕಾ ಹೇಳಿದ ಪ್ರಕಾರ ಅದರಲ್ಲಿ ಒಂದು ಮಜಾ ಇತ್ತು. ಡಬ್ಬಿಯ ಜೊತೆ ರಟ್ಟಿನ ಕನ್ನಡಕ ಬರುತ್ತವೆ, ಮೇಲೊಂದು ಕೆಂಪು ಪಟ್ಟಿ, ಕೆಳಗೊಂದು ನೀಲಿ ಪಟ್ಟಿ. ಕೆಂಪಿನಿಂದ ನೋಡಿದರೆ ಸಿನಿಮಾದಲ್ಲಿರುವ ದೆವ್ವ ಕಾಣುತ್ತವೆ. ಹೆದರಿಕೆ ಆದವರು ನೀಲಿಯಿಂದ ನೋಡಬಹುದು, ದೆವ್ವ ಮಾಯ. ಆ ಕಾಲದಲ್ಲಿ ಥೇಟರಿನ ಬಾಗಿಲಲ್ಲಿ ಇವನ್ನು ಹಂಚುತ್ತಿದ್ದರಂತೆ. ದೆವ್ವ ಕಾಣಬೇಕೋ ಬೇಡವೋ ಅಂತ ನೋಡುವವರೇ ಆರಿಸಿಕೊಳ್ಳುವುದು ನನಗೆ ಬಹಳ ನ್ಯಾಯವಾಗಿ ಕಂಡಿತು. ನಮ್ಮ ಮನೆಯಲ್ಲಿ ಅಂಥ ಸವಲತ್ತು ಯಾರಿಗೂ ಇರಲಿಲ್ಲ.

ಡಬ್ಬಿಯಲ್ಲಿ ಹರಿಯದೆ ಉಳಿದ ಕನ್ನಡಕ ಒಂದೆರಡು ಮಾತ್ರ. ಅಷ್ಟರಲ್ಲಿ ಆಯಿ ಓಣಿಗೆಲ್ಲ ಹೇಳಿ ಬಂದಿದ್ದಳು, ನಮ್ಮ ಹುಡುಗ ಮನೆಗೇ ಸಿನಿಮಾ ತಂದಾನೆ, ಉಂಡು ಬರ್ರಿ ಅಂತ. ಪಕ್ಕದ ಮನೆಯ ಖಾಜಾಬಿ ಬಳೆಗಾರ್ತಿ, ಆಯಿಯ ಎಷ್ಟೋ ವರ್ಷದ ಗೆಳತಿ. ಮನೆಯಲ್ಲಿ ಅವರದು ದಖನಿ ಉರ್ದು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಅವಳು ಮೊಹರಂ ಡೋಲಿಗೆ ಹಚ್ಚಿ ಉಳಿದಿದ್ದ ಬಣ್ಣದ ಹಾಳೆ ತಂದಳು. ಬಳೆಯ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಗೋಂದು ಹಚ್ಚಿ, ನಾವೆಲ್ಲ ಕೂತು ಕನ್ನಡಕ ಮಾಡಿದೆವು. ನೀಲಿ ಹಾಳೆ ಇರಲಿಲ್ಲ, ಹಸಿರು ಇತ್ತು. ಹಸಿರಿನಲ್ಲಿ ದೆವ್ವ ಹೋಗುತ್ತದೋ ಇಲ್ಲವೋ ಅಂತ ನಾನು ಕೇಳಿದ್ದಕ್ಕೆ ಖಾಜಾಬಿ, ಹಸಿರಿಗಿ ಹೋಗದ್ದು ನೀಲಿಗಿ ಹೋಗ್ತದೇನು, ನಕ್ಕೋ ಡರೋ, ಅಂಜಬ್ಯಾಡ, ಅಂತ ಗದರಿಸಿದಳು. ಅವ್ವ ಒಗ್ಗರಣೆ ಹಾಕಿದ ಮಂಡಾಳನ್ನು, ಅಂದರೆ ಮಂಡಕ್ಕಿಯನ್ನು, ದೊಡ್ಡ ಪರಾತದಲ್ಲಿ ತಂದಿಟ್ಟು, ಬಾಗಿಲ ಬದಿಗೆ ಕುಳಿತಳು.

ಟಿವಿ ನಮ್ಮದೇ, ಮರದ ಶಟರಿನ ಕಪ್ಪು-ಬಿಳುಪು. ಮಧ್ಯಾಹ್ನದ ಬಿಸಿಲು. ಪಡಸಾಲೆಯ ಬಾಗಿಲಿಗೆ ಕಂಬಳಿ, ಕೊಟ್ಟಿಗೆಯ ಕಡೆಗೆ ಅಪ್ಪನ ಧೋತರ ಕಟ್ಟಿದರೂ ತಲೆಯ ಮೇಲಿನ ಬೆಳಕಿಂಡಿಯಿಂದ ಬಿಸಿಲು ದಬದಬ ಸುರಿಯುತ್ತಿತ್ತು. ಕಾಕಾ ಕ್ಯಾಸೆಟ್ಟು ಹಾಕಿದ. ಸಿನಿಮಾವೇ ಕತ್ತಲೆ, ಟಿವಿಯ ಗಾಜಿನಲ್ಲಿ ನಮ್ಮ ನಮ್ಮ ತಲೆಗಳು, ಅವುಗಳ ಹಿಂದೆ ಧೋತರದ ಸಂದಿಯಿಂದ ಮೆಲುಕು ಹಾಕುತ್ತಿದ್ದ ಎಮ್ಮೆ. ಇಂಗ್ಲಿಷ್ ದೆವ್ವದ ಸಿನಿಮಾದಲ್ಲಿ ನಿಮ್ಮ ಎಮ್ಮೆ ಕಾಯ್ಕು, ಯಾಕ ಬಂದದೆ ಅಂತ ಖಾಜಾಬಿ ಕೇಳಿದಳು. ಎಲ್ಲರೂ ನಕ್ಕರು. ಆದರೆ ನಕ್ಕು ಮುಗಿದ ಮೇಲೂ ಏನೂ ಕಾಣಲಿಲ್ಲ. ಮತ್ತೊಂದು ಕಂಬಳಿ, ಮತ್ತೊಂದು ಚಾದರ, ಊಹುಂ. ಕತ್ತಲೆಯಾಗುವವರೆಗೆ ಕಾಯೋಣ ಅಂದರೆ ಸಂಜೆಯ ಬಸ್ಸು. ಕಾಕಾನ ಮುಖ ಸಣ್ಣದಾಯಿತು. ಆಗ ಒಬ್ಬೊಬ್ಬರಾಗಿ ಎಲ್ಲರೂ ಬಲಕ್ಕಿದ್ದ ತೇಗದ ಬಾಗಿಲ ಕಡೆ ನೋಡಿದರು. ಊರಿಗೆಲ್ಲ ಬಿಸಿಲಿದ್ದರೂ ಆ ಬಾಗಿಲ ಹಿಂದೆ ಕತ್ತಲೆ ಅಂತ ಎಲ್ಲರಿಗೂ ಗೊತ್ತು. ಅವ್ವ ಮಾತ್ರ ಆ ಕಡೆ ನೋಡಲಿಲ್ಲ, ಪರಾತದ ಅಂಚನ್ನು ಸೆರಗಿನಿಂದ ಒರೆಸುತ್ತ ಕುಳಿತಿದ್ದಳು.

ಆಯಿ ಸೊಂಟದ ಕೀಲಿ ತೆಗೆದಳು. ಅವಳು ಕೊಟ್ಟಿಗೆಗೆ ಹೋದರೂ ಹೋದಾಳು, ಆ ಕೋಣೆ ಬಿಟ್ಟುಕೊಡಳು ಅಂತ ತಿಳಿದಿದ್ದ ನನಗೆ ನಂಬಲಾಗಲಿಲ್ಲ. ಆದರೆ ಕರೆದವಳು ಅವಳೇ. ನಮ್ಮ ಕಡೆ ಕರೆದು ಕೂಡಿಸಿದವರನ್ನು ಎಬ್ಬಿಸಿ ಕಳಿಸುವುದಕ್ಕಿಂತ ದೊಡ್ಡ ಅವಮಾನ ಇಲ್ಲ. ಅವಳಿಗೆ ಒಂದು ಕಡೆ ಸವತಿ, ಒಂದು ಕಡೆ ಓಣಿ. ಓಣಿ ಗೆದ್ದಿತು. ಬಾಗಿಲ ಮುಂದೆ ನಿಂತು, ಕೊರಳ ಬಿಲ್ಲೆ ಮುಟ್ಟಿಕೊಂಡು, ಒಳಗಿದ್ದವಳಿಗೆ ಕೇಳುವಷ್ಟು ಜೋರಾಗಿ ಹೇಳಿದಳು:

"ಅಕ್ಕಾ, ಮಂದಿ ಬಂದಾರ. ಸ್ವಲ್ಪ ಹೊತ್ತು. ಸಿಟ್ಟು ಮಾಡ್ಬ್ಯಾಡ."

ಒಳಗೆ ಕರ್ಪೂರದ, ಹಳೆಯ ಬಟ್ಟೆಯ ವಾಸನೆ. ಗೂಡಿನಲ್ಲಿ ತಾಮ್ರದ ಕೊಡ, ಅದರ ಬದಿಗೆ ಮಡಿಸಿಟ್ಟ ಒಂದು ಹಸಿರು ಸೀರೆ. ಬೇರೆ ಏನೂ ಇಲ್ಲ. ಇಷ್ಟು ವರ್ಷ ನಾವು ಹೆದರಿದ್ದು ಈ ಖಾಲಿ ನೆಲಕ್ಕೇನಾ ಅನ್ನಿಸಿತು. ಗಂಡಸರು ಟಿವಿ ಹೊತ್ತು ತರುತ್ತಿದ್ದರೆ ಅವ್ವ ಕೋಣೆಯ ನಡುವೆ ನಿಂತು ನೆಲ ನೋಡುತ್ತಿದ್ದಳು. ಈ ಗೋಡೆಯಿಂದ ಆ ಗೋಡೆಗೆ ಅವಳ ಕಣ್ಣು ಹೋಗಿ ಬಂತು. ಯಾವ ಮೂಲೆಗೆ ಯಾವ ಕಲ್ಲು ಅಂತ ಅವಳ ತಲೆಯಲ್ಲಿ ಆಗಲೇ ಕೌದಿ ಹಾಸಿಯಾಗಿತ್ತು. ಆಮೇಲೆ ಯಾರೋ ಬಾಗಿಲು ಹಾಕಿ ಚಿಲಕ ಜಡಿದರು. ಅವಳು ಕುಳಿತಳು.

ಸಿನಿಮಾ ಶುರುವಾಯಿತು. ಮೊದಲು ಕೋಟು ತೊಟ್ಟ ತೆಳ್ಳನೆಯ ಮನುಷ್ಯನೊಬ್ಬ ಬಂದು ನಮ್ಮ ಕಡೆ ಬೆರಳು ಮಾಡಿ ಏನೋ ಹೇಳಿದ. ಹೆದರಿದವರಿಗೆ ತಾನು ಜವಾಬ್ದಾರನಲ್ಲ ಅನ್ನುತ್ತಾನೆ ಅಂತ ಕಾಕಾ ತರ್ಜುಮೆ ಮಾಡಿದ. ಕಾಕಾನ ಇಂಗ್ಲಿಷ್ ನಮಗೆ ಗೊತ್ತಿದ್ದದ್ದೇ, ಆದರೂ ನಂಬಿದೆವು. ಕತೆ ಒಂದು ಹಳೆಯ ಲಾಡ್ಜಿನದು. ಅಲ್ಲಿ ಸತ್ತವರು ಯಾರೂ ಕೋಣೆ ಖಾಲಿ ಮಾಡಿಲ್ಲ, ಪ್ರತಿ ಬಾಗಿಲ ಹಿಂದೆ ಒಂದೊಂದು ದೆವ್ವ. ಅಷ್ಟೂ ಕೋಣೆಗೆ ಒಂದೊಂದು ಹಿರ್ಯಾಕಿ ಅದಾಳೇನು ಅಂತ ಅವ್ವ ಮೆಲ್ಲಗೆ ಅಂದದ್ದು ನನಗೊಬ್ಬಳಿಗೆ ಕೇಳಿತು. ದೆವ್ವ ಬರುವ ಹೊತ್ತಿಗೆ ಪರದೆಯ ಮೇಲೆ ಏನೋ ಅಕ್ಷರ ಮೂಡುತ್ತಿದ್ದವು, ಕಾಕಾ ಹಾಕಿಕೊಳ್ರಿ ಹಾಕಿಕೊಳ್ರಿ ಅಂತ ಕೂಗುತ್ತಿದ್ದ, ನಾವೆಲ್ಲ ಗಡಿಬಿಡಿಯಲ್ಲಿ ಕನ್ನಡಕ ಹಿಡಿಯುತ್ತಿದ್ದೆವು. ಆಯಿ ಮಾತ್ರ ಹಿಡಿಯಲಿಲ್ಲ. ಗೂಡಿಗೆ ಬೆನ್ನು ಮಾಡಿ, ಮೊಣಕಾಲು ತಬ್ಬಿಕೊಂಡು, ಪದೇ ಪದೇ ಹಿಂದೆ ತಿರುಗಿ ನೋಡುತ್ತ ಕುಳಿತಿದ್ದಳು.

ಕೆಂಪಿನಿಂದ ನೋಡಿದೆ, ಬೂದು ಹೊಗೆ. ಹಸಿರಿನಿಂದ ನೋಡಿದೆ, ಅದೇ ಬೂದು ಹೊಗೆ. ಕನ್ನಡಕ ತೆಗೆದು ನೋಡಿದೆ, ಅಷ್ಟೇ. ಆದರೆ ಸುತ್ತಲೂ ಎಲ್ಲರೂ, ಹಾಂ ಕಂಡಿತು, ಎಷ್ಟು ಉದ್ದ ಕೂದಲು, ಅಯ್ಯ ಶಿವನೆ, ಅನ್ನುತ್ತಿದ್ದರು. ಖಾಜಾಬಿ ಎರಡು ದೆವ್ವ ಕಂಡಳು. ಆಯಿಯ ಮಗ ಯಾದಗಿರಿಯಿಂದ ಹೊತ್ತು ತಂದ ಸಿನಿಮಾ, ಆಯಿಯ ಮನೆಯಲ್ಲಿ ಕೂತು, ಆಯಿಯ ಮಂಡಾಳು ತಿನ್ನುತ್ತ, ಕಾಣಲಿಲ್ಲ ಅನ್ನುವುದು ಹೇಗೆ? ನಾನೂ ಹೂಂ ಅನ್ನುವವಳಿದ್ದೆ. ಅಷ್ಟರಲ್ಲಿ ಅವ್ವ ಕನ್ನಡಕ ತೆಗೆದು ಮಡಿಲಲ್ಲಿಟ್ಟು, ನನಗೇನೂ ಕಾಣವಲ್ದು ಅಂದಳು. ಜಗಳದ ದನಿಯಲ್ಲಿ ಅಲ್ಲ, ಸಾರಿಗೆ ಉಪ್ಪು ಕಡಿಮೆ ಅನ್ನುವ ದನಿಯಲ್ಲಿ. ಆಮೇಲೆ ಇನ್ನೊಬ್ಬರು ನನಗೂ ಇಲ್ಲ ಅಂದರು. ಮತ್ತೊಬ್ಬರು. ಕೊನೆಗೆ ಕಾಕಾ ತಲೆ ಕೆರೆದುಕೊಂಡು, ಇದು ಕಲರ್ ಟಿವಿಯಲ್ಲಿ ಮಾತ್ರ ನಡೆಯುವ ಆಟ ಇರಬೇಕು ಅಂತ ಒಪ್ಪಿಕೊಂಡ. ಖಾಜಾಬಿ ತಾನು ಕಂಡ ಎರಡೂ ದೆವ್ವಗಳನ್ನು ವಾಪಸು ತಗೊಂಡಳು. ಅವತ್ತು ಆ ಕೋಣೆ ಕೇಳಿದಷ್ಟು ನಗು ಅದು ಕಟ್ಟಿದಾಗಿನಿಂದ ಕೇಳಿರಲಾರದು. ನನ್ನ ಬಾಯಿ ಜೋರು ಅಂತ ಇವತ್ತಿಗೂ ಮಂದಿ ಅನ್ನುತ್ತಾರೆ. ಕಾಣದ್ದನ್ನು ಕಾಣಲಿಲ್ಲ ಅನ್ನುವ ಬಾಯಿ ನನಗೆ ಬಂದದ್ದು ಆ ಮಧ್ಯಾಹ್ನ, ಅವ್ವನಿಂದ.

ಮೊನ್ನೆ ನನ್ನ ಮಗಳು, ಕಡೇಚೂರಿನ ಕಾರ್ಖಾನೆಯಿಂದ ರಜೆಗೆ ಬಂದವಳು, ಮೊಬೈಲಿನಲ್ಲಿ ಅದೇ ಸಿನಿಮಾ ಹುಡುಕಿ ತೋರಿಸಿದಳು. ದೆವ್ವಗಳು ಕೆಂಪಗೆ ಚೆನ್ನಾಗಿ ಕಾಣುತ್ತವೆ. ನನಗೆ ಹತ್ತು ನಿಮಿಷಕ್ಕೆ ಬೇಸರ ಬಂತು. ನಮ್ಮ ಸಿನಿಮಾ ಇದಕ್ಕಿಂತ ಎಷ್ಟೋ ಚೆನ್ನಾಗಿತ್ತು, ಯಾಕೆಂದರೆ ನಮ್ಮದರಲ್ಲಿ ನಡುವೆ ಕರೆಂಟ್ ಹೋಯಿತು.

ಹೌದು, ನಗು ಇನ್ನೂ ಇಳಿದಿರಲಿಲ್ಲ, ಟಿವಿ ಚಿಟಕ್ಕೆಂದು ನಂದಿತು. ಬಾಗಿಲ ಕೆಳಗೆ ಒಂದು ಗೆರೆ ಬೆಳಕು ಬಿಟ್ಟರೆ ಪೂರ್ತಿ ಕತ್ತಲೆ. ನಾವು ಕುಳಿತದ್ದು ಎಲ್ಲಿ ಅನ್ನುವುದು ಆಗ ಎಲ್ಲರಿಗೂ ಒಟ್ಟಿಗೆ ನೆನಪಾಯಿತು. ಉಸಿರು ಕೇಳುತ್ತಿತ್ತು. ಕಾಕಾ ಚಿಲಕ ತೆಗೆಯಲು ಎದ್ದ ಸದ್ದು. ಧೈರ್ಯಕ್ಕೆ ಏನಾದರೂ ಮಾತಾಡಬೇಕಲ್ಲ, ಖಾಜಾಬಿ ಆಯಿಗೆ ಅಂದಳು:

"ಅಕ್ಕಾ, ಟಿವಿದಾಗಿನ ದೆವ್ವ ನಮಗ ಕಾಣಲಿಲ್ಲ. ನಿಮ್ಮ ಮನೀದರ ಕಾಣ್ತದೇನು, ನೋಡ್ರಿ ಸ್ವಲ್ಪ."

ತಮಾಷೆಗೆ ಅಂದದ್ದು. ಆಯಿ ಕಾಕಾನಿಗೆ ತಡಿ ಅಂದಳು. ಬಾಗಿಲು ತೆರೆಯಬೇಡ ಅಂತ. ಕತ್ತಲೆಯಲ್ಲಿ ಅವಳ ಕೈ ನನ್ನ ಭುಜ ಹುಡುಕಿತು, ಆಮೇಲೆ ನನ್ನ ಕೈಯಲ್ಲಿದ್ದ ರಟ್ಟಿನ ಕನ್ನಡಕ.

"ಇದ್ರಾಗ ಕಾಣೂದು ಯಾವ ಕಡಿ?"

"ಕೆಂಪು, ಆಯಿ. ಮ್ಯಾಲಿಂದು."

ನಾನೇ ಅವಳ ಬೆರಳನ್ನು ಹಿಡಿದು ಮೇಲಿನ ಪಟ್ಟಿಯ ಮೇಲೆ ಇಟ್ಟೆ. ಅದು ಕೆಲಸ ಮಾಡುವುದಿಲ್ಲ ಅಂತ ಈಗಷ್ಟೇ ಎಲ್ಲರೂ ನಕ್ಕಿದ್ದೆವು, ಅವಳಿಗೂ ಗೊತ್ತು. ಮೊಹರಂ ಡೋಲಿಯ ಹಾಳೆ, ಬಳೆ ಪೆಟ್ಟಿಗೆಯ ರಟ್ಟು, ಕಣ್ಣೆದುರಿಗೇ ಮಾಡಿದ್ದು. ಆದರೂ ಅವಳು ಅದನ್ನು ಕಣ್ಣಿಗೆ ಹಿಡಿದು ಗೂಡಿನ ಕಡೆ ಪೂರ್ತಿ ತಿರುಗಿ ಕುಳಿತಳು. ಅಷ್ಟು ಹೊತ್ತು ಅವಳು ನೋಡಿದಳು ಅಂದರೆ ಹೊರಗೆ ಎಮ್ಮೆ ಎದ್ದು, ಕೊಡವಿಕೊಂಡು, ಮತ್ತೆ ಮಲಗಿದ ಸದ್ದು ಕೇಳಿತು. ನನ್ನ ಭುಜದ ಮೇಲಿದ್ದ ಅವಳ ಇನ್ನೊಂದು ಕೈ ಮೊದಲು ಗಟ್ಟಿಯಾಗಿ ಹಿಡಿದಿತ್ತು. ಆಮೇಲೆ ಭುಜ ಬಿಟ್ಟು ನನ್ನ ಬೆನ್ನು ಸವರಿತು.

"ಏಳವಾ ತಂಗಿ. ಬಾಳ ದಿನ ಕುಂತಿ. ನಮ್ಮ ಸೊಸಿಗಿ ಜಾಗ ಬೇಕಾಗ್ಯಾದ."

ಸಿಟ್ಟಿಲ್ಲ, ಅಂಜಿಕೆ ಇಲ್ಲ. ಒಲೆಯ ಮುಂದೆ ತೂಕಡಿಸುವ ನನ್ನನ್ನು ಎಬ್ಬಿಸಿ ಹಾಸಿಗೆಗೆ ಕಳಿಸುವಾಗಿನ ದನಿ ಅದು. ಆಮೇಲೆ ಕನ್ನಡಕ ಕೆಳಗಿಟ್ಟು, ಈಗ ಬಾಗಿಲು ತೆಗಿ ಅಂದಳು. ಬೆಳಕಿಗೆ ಎಲ್ಲರೂ ಕಣ್ಣು ಕಿರಿದು ಮಾಡಿದರು. ಖಾಜಾಬಿ ಆಯಿಯ ಕೈ ಹಿಡಿದುಕೊಂಡು ಕುಳಿತಿದ್ದಳು. ಕರೆಂಟ್ ಬರಲೇ ಇಲ್ಲ, ಕಾಕಾ ಬಸ್ಸಿಗೆ ಹೊತ್ತಾಯಿತು ಅಂತ ವಿಸಿಆರ್ ಚಾದರದಲ್ಲಿ ಸುತ್ತಿಕೊಂಡು ಹೊರಟ. ಮಂದಿ ಹೋದ ಮೇಲೆ ಅವ್ವ ಗಂಗಮ್ಮನ ಕೌದಿಯ ಸುರುಳಿ ತಬ್ಬಿಕೊಂಡು ಬಂದು ಕೋಣೆಯ ಹೊಸ್ತಿಲಲ್ಲಿ ನಿಂತಳು, ಒಳಗೆ ಕಾಲಿಡಲು ಅವಳಿಗೇ ಅನುಮಾನ. ಮಂಡಾಳು ಚೆಲ್ಲಿದೆ, ಮೊದಲು ಕಸ ಹೊಡಿ, ಆಮೇಲೆ ಹಾಸು, ಅಂತ ಆಯಿ ಗೊಣಗಿದಳು. ಅವ್ವನಿಗೆ ಅಷ್ಟು ಸಾಕಾಯಿತು. ಅವಳು ಕಸಬರಿಗೆ ಹಿಡಿದು ಬಗ್ಗಿದಾಗ ಅವಳ ಕಣ್ಣಿಂದ ಟಪಟಪ ನೀರು ಬೀಳುತ್ತಿತ್ತು, ನೆಲ ತೊಳೆಯುವುದು ಅರ್ಧ ಅದರಲ್ಲೇ ಆಗಿರಬೇಕು.

ಸೋಮವಾರ ಗಂಗಮ್ಮ ಖಾಲಿ ಚೀಲ ಹಿಡಿದುಕೊಂಡು ದೋರನಹಳ್ಳಿಯಿಂದ ಬಂದಳು. ಅವ್ವ ಎದ್ದು ಬರುವ ಮೊದಲೇ ಆಯಿ ಬಾಗಿಲಲ್ಲಿ ನಿಂತು, ಕೌದಿ ಹಾಸಿ ಆಗ್ಯಾದ, ಹಾಸಿದ್ದು ಎತ್ತಬಾರದು, ಮುಗಿದ ಮ್ಯಾಲೆ ಹೇಳಿ ಕಳಸ್ತೀವಿ, ಚಹಾ ಕುಡಿದು ಹೋಗು, ಅಂತ ಒಂದೇ ಉಸಿರಿನಲ್ಲಿ ಹೇಳಿ ಕಳಿಸಿದಳು. ಅಪ್ಪ ಮಾಳಿಗೆ ಹತ್ತಿ ಬೆಳಕಿಂಡಿಯ ಚಪ್ಪಡಿ ಸರಿಸಿದ್ದ. ಕೋಣೆಯ ನಡುವೆ ಚೌಕಾಗಿ ಬಿಸಿಲು ಬಿದ್ದಿತ್ತು. ಅವ್ವ ಅಂಚಿಗೆ ಕುಳಿತು ಮೊದಲ ಸಾಲು ಹಿಡಿದಿದ್ದಳು, ಆಯಿ ಗೋಡೆಗೆ ಒರಗಿ, ಅಟ್ಟದಿಂದ ಇಳಿಸಿದ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು, ನಾನು ಶಾಲೆ ತಪ್ಪಿಸಿ ಮೂಲೆಯ ಕಲ್ಲಿನ ಮೇಲೆ ಕುಳಿತಿದ್ದೆ. ಒಂದು ಅಂಚು ನೆಟ್ಟಗೆ ಬಂತು. ಆಮೇಲೆ ಅವ್ವ, ಹೊಲಿಗೆಯಿಂದ ಕಣ್ಣೆತ್ತದೆ ಕೇಳಿದಳು:

"ಅತ್ತಿ, ಯಾವಾಗ್ಲೂ ಆಕಿಗಿ ಅಕ್ಕ ಅಂತಿದ್ರಿ. ನಿನ್ನಿ ತಂಗಿ ಅಂದ್ರಿ."

ಆಯಿ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿದಳು. ಸೂಜಿಯ ಕಣ್ಣಿಗೆ ಒಮ್ಮೆ ಹಿಡಿದಳು, ತಪ್ಪಿತು.

"ಆ ಹಾಳ್ಯಾಗ ಏನೂ ಕಾಣಲಿಲ್ಲ ಶಾಂತಾ. ಕತ್ತಲಿ ಇತ್ತು. ಇಲ್ಲಿ ಕುಂತಾಕಿ ಹೆಂಗ ಇರಬೇಕು ಅಂತ ನಾನೇ ನೆನಸ್ಲಾಕ ಹೋದೆ. ಒಮ್ಮಿನೂ ನೆನಸಿದ್ದಿಲ್ಲ ನೋಡು, ಬರೇ ಅಂಜಿದ್ದೇ. ಸಾಯೂಮುಂದ ಆಕಿಗಿ ಹದಿನಾರು. ಬ್ಯಾನಿ ತಿನ್ಕೋಂತ ಮೂರು ದಿನ ಅವ್ವಾ ಅವ್ವಾ ಅಂತ ಅತ್ತಳಂತ, ನಮ್ಮತ್ತಿ ಹೇಳಿದ್ಳು. ನಾ ಮುದುಕಿ ಆದೆ. ಆಕಿ ಅಷ್ಟೇ ಅದಾಳ. ಒಂದು ಕೂಸು ಅದು. ಆ ಕೂಸಿಗಿ ಅಂಜಿ ಅಂಜಿ ನಾ ಬಾಳೇವು ಮಾಡಿದ್ನಲ್ಲವಾ."

ಅಷ್ಟು ಹೇಳಿ ಆಯಿ ಸೂಜಿ ಕೆಳಗಿಟ್ಟಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ದನಿ ತೆಗೆದು, ಮಗಳು ಸತ್ತವರು ಅಳುವ ಹಾಗೆ ಅತ್ತಳು. ಅವ್ವ ಕೌದಿ ಬಿಟ್ಟು ಅವಳ ಬದಿಗೆ ಹೋಗಿ ಕುಳಿತಳು. ಅಷ್ಟು ವರ್ಷ ಹೋಳಿಗೆ ಇಟ್ಟ, ಸೀರೆ ಇಟ್ಟ, ದೀಪ ಹಚ್ಚಿದ ಆ ಮನೆಯಲ್ಲಿ ಆ ಹುಡುಗಿಗಾಗಿ ಒಬ್ಬರು ಅತ್ತದ್ದು ಅದೇ ಮೊದಲು.